ಬಳ್ಳಿಗಾವಿಯಿಂದ ಬೇಲೂರಿಗೆ ಹೋದ ರೂವಾರಿಗಳು

ಬೇಲೂರಿನ ಚೆನ್ನಕೇಶವ ಗುಡಿಯ ಸೂರಿನಡಿಯ ಮದನಿಕೆಯರನ್ನು ಕತ್ತೆತ್ತಿ ನೋಡದ ಕನ್ನಡಿಗರು ಕಡಿಮೆ. ಆ ವಿಗ್ರಹಗಳ ಪೀಠದ ಮೇಲಿನ ಅಕ್ಷರಗಳತ್ತ ಕಣ್ಣು ಹಾಯಿಸಿದವರು ಇನ್ನೂ ಕಡಿಮೆ. ಒಂದೆರಡು ಸಾಲಿನ ಸಣ್ಣ ಬರಹಗಳು ಅವು. ರಾಜನ ಹೊಗಳಿಕೆಯಾಗಲಿ, ದಾನದ ವಿವರವಾಗಲಿ ಅವುಗಳಲ್ಲಿಲ್ಲ. ಕಲ್ಲು ಕಡೆದವನ ಹೆಸರು, ಅವನ ಊರು, ಕೆಲವು ಕಡೆ ಅವನ ಬಿರುದು, ಅಷ್ಟೇ. ಹಾಗೆ ಹೆಸರು ಬರೆದವರಲ್ಲಿ ಇಬ್ಬರು ಅಪ್ಪ ಮಗ: ದಾಸೋಜ ಮತ್ತು ಚಾವಣ. ಇವರ ಊರು ಬಳ್ಳಿಗ್ರಾಮೆ. ಎಂದರೆ ಇಂದಿನ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನಲ್ಲಿ, ಶಿರಾಳಕೊಪ್ಪದ ಮಗ್ಗುಲಿಗಿರುವ ಬಳ್ಳಿಗಾವಿ.

ಒಂಬೈನೂರು ವರ್ಷಗಳ ಹಿಂದೆ ಈ ಅಪ್ಪ ಮಗ ತಮ್ಮ ನಾಡು ಬಿಟ್ಟು, ಬೇರೊಬ್ಬ ದೊರೆಯ ರಾಜಧಾನಿಗೆ ಹೋಗಿ, ಕನ್ನಡ ನಾಡಿನ ಅತ್ಯಂತ ಪ್ರಸಿದ್ಧ ಶಿಲ್ಪಗಳಲ್ಲಿ ಹಲವನ್ನು ಕಡೆದರು. ಬೇಲೂರನ್ನು ಹೊಯ್ಸಳರ ಹೆಮ್ಮೆ ಎನ್ನುತ್ತೇವೆ, ಅದು ಸರಿಯೇ. ಆದರೆ ಆ ಹೆಮ್ಮೆಯಲ್ಲಿ ದೊಡ್ಡ ಪಾಲು ಶಿಕಾರಿಪುರ ಸೊರಬದ ಸೀಮೆಗೆ ಸೇರಬೇಕು. ಅದು ಇನ್ನೂ ಸಂದಿಲ್ಲ ಎಂಬುದು ನನ್ನ ಅನಿಸಿಕೆ.

ದಾಸೋಜ ಹುಟ್ಟಿ ಬೆಳೆದ ಬಳ್ಳಿಗಾವಿ ಎಂಥ ಊರಾಗಿತ್ತು ಎಂಬುದು ತಿಳಿಯದೆ ಅವನ ಪಯಣ ಅರ್ಥವಾಗುವುದಿಲ್ಲ. ಇಂದು ಅಲ್ಲಿಗೆ ಹೋದರೆ ಕಾಣುವುದು ಭತ್ತದ ಗದ್ದೆ, ಕೆರೆ, ನಾಲ್ಕು ಬೀದಿಯ ಹಳ್ಳಿ. ಹನ್ನೊಂದನೆಯ ಶತಮಾನದಲ್ಲಿ ಅದು ಕಲ್ಯಾಣದ ಚಾಲುಕ್ಯರ ಬನವಾಸಿ ಪನ್ನಿರ್ಚ್ಛಾಸಿರದ, ಎಂದರೆ ಬನವಾಸಿ ಹನ್ನೆರಡು ಸಾವಿರ ಎಂಬ ದೊಡ್ಡ ಪ್ರಾಂತದ ರಾಜಧಾನಿ. ಎಂಬತ್ತಕ್ಕೂ ಹೆಚ್ಚು ಶಾಸನಗಳು ಈ ಒಂದೇ ಊರಿನಲ್ಲಿ ಸಿಕ್ಕಿವೆ. ಹರಿ, ಹರ, ಬ್ರಹ್ಮ, ಜಿನ, ಬುದ್ಧ, ಈ ಐವರಿಗೂ ಇಲ್ಲಿ ಮಠಗಳಿದ್ದವು. 1065ರಲ್ಲಿ ರೂಪಭಟ್ಟಯ್ಯ ಎಂಬ ಅಧಿಕಾರಿ ಇಲ್ಲೊಂದು ಬೌದ್ಧ ವಿಹಾರ ಕಟ್ಟಿಸಿದ. ಕರ್ನಾಟಕದಲ್ಲಿ ಬೌದ್ಧ ಧರ್ಮ ಬಹುತೇಕ ಮರೆಯಾಗಿದ್ದ ಹೊತ್ತಿನಲ್ಲಿ ತಾರಾ ಭಗವತಿಗೆ ಪೂಜೆ ನಡೆಯುತ್ತಿದ್ದ ಊರಿದು. ಕಾಳಾಮುಖ ಶೈವರ ಕೋಡಿಯ ಮಠ, ಕೇದಾರೇಶ್ವರ ಗುಡಿಯ ಜೊತೆಗೆ, ದಕ್ಷಿಣದ ಕೇದಾರವೆಂದು ಹೆಸರಾಗಿತ್ತು. ಅಲ್ಲಿ ವೇದ, ವ್ಯಾಕರಣ, ತರ್ಕ, ಎಲ್ಲ ದರ್ಶನಗಳ ಪಾಠ ನಡೆಯುತ್ತಿದ್ದುದನ್ನೂ ಹಸಿದವರಿಗೆ ಅನ್ನ, ರೋಗಿಗಳಿಗೆ ಔಷಧಿ ಸಿಗುತ್ತಿದ್ದುದನ್ನೂ 1162ರ ಶಾಸನವೊಂದು ಉದ್ದಕ್ಕೂ ವರ್ಣಿಸುತ್ತದೆ. ಅಲ್ಲಮಪ್ರಭುವಿನ ಊರೂ ಇದೇ.

ಇಷ್ಟು ದೇವರು, ಇಷ್ಟು ಮಠ, ಇಷ್ಟು ವ್ಯಾಪಾರಿಗಳು ಇದ್ದಲ್ಲಿ ಕಲ್ಲುಕೆಲಸದವರ ಕೈಗೆ ಬಿಡುವು ಎಲ್ಲಿಂದ ಬರಬೇಕು? 1047ರಲ್ಲಿ ಪ್ರಾಂತವನ್ನಾಳುತ್ತಿದ್ದ ಚಾವುಂಡರಾಯ ಊರಿನಲ್ಲಿ ಸುಮಾರು ಮೂವತ್ತು ಅಡಿಯ ಕಂಬ ನಿಲ್ಲಿಸಿ, ಅದರ ಮೇಲೆ ಮನುಷ್ಯನ ಮೈ, ಎರಡು ಹಕ್ಕಿಯ ತಲೆಗಳಿರುವ ಗಂಡಭೇರುಂಡನನ್ನು ಇಡಿಸಿದ. ಗರ್ಭಗುಡಿಯೊಳಗಿನ ಮೂರ್ತಿಯಲ್ಲ ಅದು, ಬಯಲಿನಲ್ಲಿ ಎಲ್ಲರಿಗೂ ಕಾಣಲೆಂದೇ ನಿಲ್ಲಿಸಿದ್ದು. ಮುಂದೆ ಮೈಸೂರು ಅರಸರ, ಈಗ ಕರ್ನಾಟಕ ಸರ್ಕಾರದ ಲಾಂಛನವಾಗಿರುವ ಗಂಡಭೇರುಂಡದ ಹಳೆಯ ಶಿಲ್ಪಗಳಲ್ಲಿ ಬಳ್ಳಿಗಾವಿಯ ಈ ಮೂರ್ತಿ ಮುಖ್ಯವಾದದ್ದು. ಅದಾದ ಮೇಲೆ ತ್ರಿಪುರಾಂತಕೇಶ್ವರ, ಕೇದಾರೇಶ್ವರ ಗುಡಿಗಳು ರೂಪುಗೊಂಡವು. ತ್ರಿಪುರಾಂತಕೇಶ್ವರದ ಬಾಗಿಲವಾಡದ ಪಕ್ಕದಲ್ಲಿ ಕಲ್ಲನ್ನು ಜರಡಿಯಂತೆ ಕೊರೆದು ಮಾಡಿದ ಫಲಕಗಳನ್ನು ನೋಡಿದರೆ ಸಾಕು, ಬೇಲೂರಿನ ಕುಸುರಿ ಯಾವ ಪಾಠಶಾಲೆಯಿಂದ ಬಂತು ಎಂಬುದು ಹೊಳೆಯುತ್ತದೆ.

ಸುತ್ತಲಿನ ಊರುಗಳಲ್ಲೂ ಉಳಿಯ ಸದ್ದು ನಿಂತಿರಲಿಲ್ಲ. ಸೊರಬ ತಾಲ್ಲೂಕಿನ ಆನವಟ್ಟಿಯ ಬಳಿಯ ಕುಬಟೂರಿನಲ್ಲಿ 1100ರ ಆಸುಪಾಸಿನಲ್ಲಿ ಕೈಟಭೇಶ್ವರ ಗುಡಿ ಎದ್ದಿತು. ಅದರ ತೆರೆದ ದೊಡ್ಡ ಮಂಟಪದಲ್ಲಿ ನಿಂತ ಕಂಬಗಳನ್ನು ಚರಕಿಗೆ ಹಾಕಿ ಕಡೆದಿದ್ದಾರೆ. ಶಿಕಾರಿಪುರ ತಾಲ್ಲೂಕಿನ ಬಂದಳಿಕೆಯಲ್ಲಿ ಬಸದಿ, ಶಿವಾಲಯಗಳು, ಸೊರಬದ ಉದ್ರಿಯಲ್ಲಿ ಮತ್ತಷ್ಟು. ಇವೆಲ್ಲ ಒಂದೆರಡು ದಿನದ ನಡಿಗೆಯ ಅಂತರದಲ್ಲಿವೆ. ಒಂದು ಗುಡಿಯ ಕೆಲಸ ಮುಗಿಯುವ ಹೊತ್ತಿಗೆ ಇನ್ನೊಂದು ಗುಡಿಯ ಪಾಯ ಬಿದ್ದಿರುತ್ತಿತ್ತು. ಎರಡು ಮೂರು ತಲೆಮಾರು ಹೀಗೆ ಕಳೆದ ನಾಡಿನಲ್ಲಿ ದಾಸೋಜ ಉಳಿ ಹಿಡಿದ.

ಆ ಹೊತ್ತಿಗೆ ಚಾಲುಕ್ಯ ಶಿಲ್ಪಿಗಳು ಒಂದು ದೊಡ್ಡ ಬದಲಾವಣೆಯನ್ನು ಅರಗಿಸಿಕೊಂಡಿದ್ದರು. ಐಹೊಳೆ ಪಟ್ಟದಕಲ್ಲಿನ ಮರಳುಗಲ್ಲನ್ನು ಬಿಟ್ಟು ಅವರು ಬಳಪದ ಕಲ್ಲಿಗೆ ಬಂದಿದ್ದರು. ಗಣಿಯಿಂದ ತೆಗೆದಾಗ ಈ ಕಲ್ಲು ಮೆತ್ತಗಿರುತ್ತದೆ, ಗಾಳಿಗೆ ಒಡ್ಡಿಕೊಂಡಂತೆ ಗಟ್ಟಿಯಾಗುತ್ತದೆ. ಬೆರಳಿನ ಉಗುರು, ಬಳೆಯ ಗೀರು, ಜಡೆಯ ಎಳೆ, ಎಲ್ಲವನ್ನೂ ಇದರಲ್ಲಿ ತೆಗೆಯಬಹುದು. ಮಂಟಪದ ಚಾಚಿಗೆ ಆಸರೆಯಾಗಿ ಹೆಣ್ಣಿನ ವಿಗ್ರಹಗಳನ್ನು ನಿಲ್ಲಿಸುವ ರೂಢಿಯೂ ಬೇಲೂರಿಗಿಂತ ಮೊದಲೇ ಚಾಲುಕ್ಯರ ಸೀಮೆಯಲ್ಲಿ ಬೆಳೆದಿತ್ತು. ಬೀದರ ಜಿಲ್ಲೆಯ ಜಲಸಂಗ್ವಿಯ ಗುಡಿಯ ಸುಂದರಿಯರೇ ಇದಕ್ಕೆ ಸಾಕ್ಷಿ. ಅವರಲ್ಲೊಬ್ಬಳು ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಹೊಗಳಿಕೆಯನ್ನು ಶಿಲೆಯ ಮೇಲೆ ಬರೆಯುತ್ತ ನಿಂತಿದ್ದಾಳೆ.

ಇತ್ತ ದಕ್ಷಿಣದಲ್ಲಿ ಬೇರೆಯದೇ ಕಥೆ ನಡೆದಿತ್ತು. ಹೊಯ್ಸಳರು ಮಲೆನಾಡಿನ ಸೊಸೆವೂರಿನಿಂದ, ಎಂದರೆ ಇಂದಿನ ಅಂಗಡಿಯಿಂದ ಇಳಿದು ಬಂದ ಪಾಳೆಯಗಾರರು, ಚಾಲುಕ್ಯರಿಗೆ ಕಪ್ಪ ಕೊಡುವ ಸಾಮಂತರು. ಅವರಲ್ಲಿ ಬಿಟ್ಟಿದೇವ, ನಮಗೆ ವಿಷ್ಣುವರ್ಧನನೆಂದು ಪರಿಚಿತನಾದವನು, ಸುಮ್ಮನೆ ಕೂರುವ ಜಾಯಮಾನದವನಲ್ಲ. 1116ರಲ್ಲಿ ಅವನ ದಂಡು ತಲಕಾಡಿನಲ್ಲಿ ಚೋಳರನ್ನು ಸೋಲಿಸಿತು. ಒಂದು ಶತಮಾನಕ್ಕೂ ಮೀರಿ ಚೋಳರ ಕೈಯಲ್ಲಿದ್ದ ಗಂಗವಾಡಿ ಹೊಯ್ಸಳರದಾಯಿತು, ಅದರ ಕಾವೇರಿ ಬಯಲಿನ ಆದಾಯವೂ ಬಂತು. ‘ತಲಕಾಡುಗೊಂಡ’ ಎಂಬ ಬಿರುದು ಹೊತ್ತ ಅರಸ ಮರುವರ್ಷವೇ, 1117ರ ಮಾರ್ಚ್ 10ರಂದು, ಬೇಲೂರಿನಲ್ಲಿ ವಿಜಯನಾರಾಯಣನನ್ನು ಪ್ರತಿಷ್ಠಾಪಿಸಿದ. ಅವನೇ ಇಂದಿನ ಚೆನ್ನಕೇಶವ. ಪಕ್ಕದ ಕಪ್ಪೆ ಚೆನ್ನಿಗರಾಯನ ಗುಡಿ ಪಟ್ಟದರಸಿ ಶಾಂತಲೆಯದು.

ಈ ಗುಡಿ ಯಾಕಾಗಿ ಎದ್ದಿತು ಎಂಬುದರ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಚೋಳರ ಮೇಲಿನ ಗೆಲುವಿನ ಗುರುತು ಎನ್ನುವವರಿದ್ದಾರೆ. ರಾಮಾನುಜರ ಪ್ರಭಾವದಿಂದ ಜೈನ ಅರಸ ವೈಷ್ಣವನಾದದ್ದರ ಸಾರಿಕೆ ಎನ್ನುವವರಿದ್ದಾರೆ. ಆದರೆ ಶಾಂತಲೆ ಜೈನಳಾಗಿಯೇ ಉಳಿದು 1123ರಲ್ಲಿ ಶ್ರವಣಬೆಳಗೊಳದಲ್ಲಿ ಸವತಿಗಂಧವಾರಣ ಬಸದಿ ಕಟ್ಟಿಸಿದಳು. ಅರಸನೂ ಜೈನ ಬಸದಿಗಳಿಗೆ ದತ್ತಿ ಕೊಡುವುದನ್ನು ನಿಲ್ಲಿಸಲಿಲ್ಲ. ಮೂರನೆಯ ಅಭಿಪ್ರಾಯ ನನಗೆ ಹೆಚ್ಚು ಒಪ್ಪಿಗೆಯಾಗುತ್ತದೆ: ಇದು ಚೋಳರಿಗಿಂತ ಹೆಚ್ಚಾಗಿ, ಕಲ್ಯಾಣದಲ್ಲಿ ಕೂತ ಒಡೆಯ ವಿಕ್ರಮಾದಿತ್ಯನಿಗೆ ಕೇಳಲೆಂದು ಆಡಿದ ಮಾತು. ‘ನಾನೀಗ ಸಾಮಂತನಲ್ಲ, ಅರಸ’ ಎಂದು ಹೇಳಬೇಕಿದ್ದವನಿಗೆ ಅರಸರಿಗೊಪ್ಪುವ ಗುಡಿಯೇ ಬೇಕಿತ್ತು.

ಅಂಥ ಗುಡಿ ಕಟ್ಟುವವರು ಅವನ ನಾಡಿನಲ್ಲಿ ಎಷ್ಟು ಜನರಿದ್ದರು? ಬೇಲೂರಿಗಿಂತ ನಾಲ್ಕೇ ವರ್ಷ ಹಿಂದೆ, 1113ರ ಹೊತ್ತಿಗೆ, ಹಾಸನದ ಹತ್ತಿರದ ದೊಡ್ಡಗದ್ದವಳ್ಳಿಯಲ್ಲಿ ಲಕ್ಷ್ಮೀದೇವಿ ಗುಡಿಯಾಗಿತ್ತು. ಒಬ್ಬ ವರ್ತಕ ದಂಪತಿ ಕಟ್ಟಿಸಿದ್ದು. ಲಕ್ಷಣವಾದ ಗುಡಿ, ಆದರೆ ಗೋಡೆಗಳು ಬಹುತೇಕ ಬೋಳು. ಅಲ್ಲಿಂದ ಬೇಲೂರಿಗೆ ಬಂದರೆ ಜಗತಿ, ಆನೆಗಳ ಸಾಲು, ಗೋಡೆಯ ತುಂಬ ದೇವರು, ನರ್ತಕಿಯರು, ಬೇಟೆ, ಯುದ್ಧ. ನಾಲ್ಕು ವರ್ಷದಲ್ಲಿ ಒಂದು ಸೀಮೆಯ ಶಿಲ್ಪಿಗಳು ತಾವಾಗಿಯೇ ಇಷ್ಟು ದೂರ ಬಂದರೆಂದು ನಂಬುವುದು ಕಷ್ಟ. ಪೀಠದ ಬರಹಗಳು ಉತ್ತರ ಕೊಡುತ್ತವೆ: ಕೆಲಸಗಾರರು ಹೊರಗಿನಿಂದ ಬಂದರು. ಬಳ್ಳಿಗಾವಿಯಿಂದ ದಾಸೋಜ, ಚಾವಣರು ಬಂದರು. ಗದುಗಿನ ಕಡೆಯವರೂ ಬಂದರು. ಮಲ್ಲಿಯಣ್ಣ, ನಾಗೋಜ, ಚಿಕ್ಕಹಂಪ, ಮಲ್ಲೋಜ ಮೊದಲಾದ ಹೆಸರುಗಳು ಇವರ ಜೊತೆಗಿವೆ. ಚಾಲುಕ್ಯರ ಕೈಯಲ್ಲಿ ಪಳಗಿದವರನ್ನೇ ಕರೆಸಿ ಚಾಲುಕ್ಯರಿಗೆ ಸವಾಲು ಹಾಕುವ ಗುಡಿಯನ್ನು ವಿಷ್ಣುವರ್ಧನ ಕಟ್ಟಿಸಿದ.

ಇಂದಿನ ರಸ್ತೆಯಲ್ಲಿ ಬಳ್ಳಿಗಾವಿಯಿಂದ ಬೇಲೂರು ಇನ್ನೂರು ಕಿಲೋಮೀಟರಿನ ಆಸುಪಾಸು. ಆಗ ಅದು ಕಾಡು, ತುಂಗಾ, ಭದ್ರಾ ಹೊಳೆಗಳು, ಎರಡು ಆಳ್ವಿಕೆಗಳ ಗಡಿ ದಾಟುವ ಹಾದಿ. ಭಾಷೆ ಬದಲಾಗುತ್ತಿರಲಿಲ್ಲ, ಅದೊಂದು ಅನುಕೂಲ. ಶಿಲ್ಪಿಯೊಬ್ಬ ಮಗನನ್ನು ಜೊತೆಗೆ ಕರೆದುಕೊಂಡು ಬರುತ್ತಾನೆಂದರೆ ಅದು ಒಂದು ಹಂಗಾಮಿನ ಕೂಲಿಗಾಗಿ ಬಂದದ್ದಲ್ಲ, ವರ್ಷಗಟ್ಟಲೆ ನಿಲ್ಲುವ ಕೆಲಸಕ್ಕೆ ಬಂದದ್ದು.

ಶಾಂತಲೆ ಬಳ್ಳಿಗಾವಿಯ ಮಗಳು, ಅವಳ ಮೂಲಕವೇ ಈ ಶಿಲ್ಪಿಗಳಿಗೆ ಕರೆ ಹೋಯಿತು ಎಂಬ ಮಾತು ನಮ್ಮ ಸೀಮೆಯಲ್ಲಿದೆ. ಸಿ. ಕೆ. ನಾಗರಾಜರಾಯರ ‘ಪಟ್ಟಮಹಾದೇವಿ ಶಾಂತಲದೇವಿ’ ಕಾದಂಬರಿ ಓದಿದವರ ಮನಸ್ಸಿನಲ್ಲಿ ಆ ನಂಟು ಇನ್ನೂ ಗಟ್ಟಿಯಾಗಿದೆ. ಶಾಸನಗಳು ಅವಳ ತಂದೆ ಮಾರಸಿಂಗಯ್ಯ, ತಾಯಿ ಮಾಚಿಕಬ್ಬೆಯನ್ನು ಹೆಸರಿಸುತ್ತವೆ. ತಂದೆ ಶೈವ, ತಾಯಿ ಜೈನಳು. ತವರಿನ ಕಥೆಯನ್ನು ನಂಬಿಕೆಯಾಗಿಯೇ ಇಟ್ಟುಕೊಳ್ಳೋಣ. ದಾಸೋಜನ ಊರಿಗೆ ಮಾತ್ರ ಅಂಥ ಆಸರೆ ಬೇಕಿಲ್ಲ, ಅದು ಕಲ್ಲಿನ ಮೇಲೇ ಇದೆ.

ಬೇಲೂರಿನಲ್ಲಿ ಒಟ್ಟು 42 ಮದನಿಕೆಯರಿದ್ದಾರೆ. 38 ಹೊರಗೆ ಸೂರಿನಡಿ, ನಾಲ್ಕು ನವರಂಗದ ಒಳಗೆ. ಬರಹಗಳ ಆಧಾರದ ಮೇಲೆ ದಾಸೋಜನಿಗೆ ನಾಲ್ಕು, ಚಾವಣನಿಗೆ ಐದು ವಿಗ್ರಹಗಳನ್ನು ವಿದ್ವಾಂಸರು ಸಲ್ಲಿಸುತ್ತಾರೆ. ಮಗ ಅಪ್ಪನಿಗಿಂತ ಒಂದು ಹೆಚ್ಚು ಕಡೆದ! ಈ ವಿಗ್ರಹಗಳನ್ನು ಗೋಡೆಯ ಕಲ್ಲಿನಲ್ಲೇ ತೆಗೆದದ್ದಲ್ಲ. ನೆಲದ ಮೇಲೆ ಬಿಡಿಯಾಗಿ ಕಡೆದು, ಕಂಬದ ತಲೆಗೂ ಸೂರಿಗೂ ನಡುವೆ ಓರೆಯಾಗಿ ಕೂರಿಸಿದ್ದು. ಹೀಗಾಗಿ ಒಂದೊಂದೂ ಒಬ್ಬ ಶಿಲ್ಪಿಯ ಪೂರ್ಣ ಹೊಣೆ. ಗೋಡೆಯ ಆನೆಸಾಲಿನಲ್ಲಿ ಹತ್ತು ಜನರ ಕೈ ಬೆರೆತುಹೋಗುತ್ತದೆ. ಮದನಿಕೆಯಲ್ಲಿ ಯಾರದೆಂದು ಹೇಳಬಹುದು, ಹೇಳಿಕೊಳ್ಳಬಹುದು. ವಿಗ್ರಹ ಮುಂದಕ್ಕೆ ಬಾಗಿ ನಿಲ್ಲುವುದರಿಂದ ಕೆಳಗೆ ನಿಂತವನ ಕಣ್ಣಿಗೆ ಮುಖ ಸರಿಯಾಗಿ ಕಾಣುವಂತೆ ಅಳತೆಯನ್ನು ಮೊದಲೇ ಲೆಕ್ಕ ಹಾಕಬೇಕು. ಬೆನ್ನ ಹಿಂದಿನ ಬಳ್ಳಿಯ ಚಪ್ಪರವನ್ನು ಪೂರ್ತಿ ಕೊರೆದು ಬಿಡಿಸಬೇಕು, ಚಾಣ ಒಂದು ಸಲ ಜಾರಿದರೆ ಇಡೀ ಕಲ್ಲು ಹಾಳು. ಆದ್ದರಿಂದಲೇ ಇಲ್ಲಿ ಹೆಸರು ಬರೆಯುವ ಹುಮ್ಮಸ್ಸು ಹೆಚ್ಚು.

ಬರೆದದ್ದಾದರೂ ಎಂಥ ಧೈರ್ಯದಿಂದ! ಬೇಲೂರಿನ ರೂವಾರಿಗಳ ಬಿರುದುಗಳಲ್ಲಿ ವಿನಯದ ಮಾತೇ ಇಲ್ಲ. ಎದುರಾಳಿ ರೂವಾರಿಗಳು ಮನ್ಮಥರಾದರೆ ತಾನು ಅವರನ್ನು ಸುಟ್ಟ ಶಿವ ಎನ್ನುತ್ತಾನೆ ಒಬ್ಬ. ಬಿರುದು ಹೊತ್ತ ಶಿಲ್ಪಿಗಳೆಂಬ ಬೆಟ್ಟಕ್ಕೆ ತಾನು ವಜ್ರಾಯುಧ ಎನ್ನುತ್ತಾನೆ ಇನ್ನೊಬ್ಬ. ಇದು ಯುದ್ಧದಲ್ಲಿ ಗೆದ್ದ ದಂಡನಾಯಕರ ಭಾಷೆ. ಬೇರೆ ಬೇರೆ ಊರುಗಳಿಂದ ಬಂದ ತಂಡಗಳು ಒಂದೇ ಅಂಗಳದಲ್ಲಿ ಪೈಪೋಟಿಗೆ ಬಿದ್ದಿದ್ದವು. ಊರಿನಲ್ಲಿದ್ದಾಗ ಎಲ್ಲರಿಗೂ ಗೊತ್ತಿರುವ ಕೈಗೆ ಸಹಿಯ ಅಗತ್ಯ ಅಷ್ಟಿಲ್ಲ. ಪರಊರಿಗೆ ಬಂದವನು ತನ್ನ ಹೆಸರಿನ ಜೊತೆ ತನ್ನ ಊರನ್ನೂ ಬರೆಯುತ್ತಾನೆ. ದಾಸೋಜ ಬಳ್ಳಿಗ್ರಾಮೆಯ ಹೆಸರು ಬರೆದದ್ದು ಇದೇ ಕಾರಣಕ್ಕೆ ಎಂದು ನಾನು ತಿಳಿದಿದ್ದೇನೆ. ಅವನು ಊರು ಬಿಡದೆ ಇದ್ದಿದ್ದರೆ ಅವನ ಹೆಸರು ನಮಗೆ ಉಳಿಯುತ್ತಿತ್ತೋ ಇಲ್ಲವೋ.

ಅದೇ ಕಾಲದಲ್ಲಿ ಕಾಂಬೋಡಿಯಾದಲ್ಲಿ ಎರಡನೆಯ ಸೂರ್ಯವರ್ಮ ಅಂಗ್ಕೋರ್ ವಾಟ್ ಕಟ್ಟಿಸುತ್ತಿದ್ದ. ಬೇಲೂರಿಗಿಂತ ಎಷ್ಟೋ ಪಟ್ಟು ದೊಡ್ಡ ಆ ಗುಡಿಯ ಒಬ್ಬ ಶಿಲ್ಪಿಯ ಹೆಸರೂ ಲೋಕಕ್ಕೆ ತಿಳಿಯದು. ಇಟಲಿಯ ಮೊದೆನಾ ಊರಿನ ಚರ್ಚಿನಲ್ಲಿ ವಿಲಿಜೆಲ್ಮೊ ಎಂಬ ಶಿಲ್ಪಿಯನ್ನು ಹೊಗಳುವ, ಹನ್ನೆರಡನೆಯ ಶತಮಾನದ ಮೊದಲ ಭಾಗದ ಒಂದು ಬರಹವಿದೆ. ಅದೊಂದಕ್ಕೇ ಯುರೋಪಿನ ಕಲಾ ಇತಿಹಾಸ ಅವನಿಗೆ ಪುಟಗಳನ್ನು ಮೀಸಲಿಟ್ಟಿದೆ. ನಮ್ಮಲ್ಲಿ ಒಂದೇ ಗುಡಿಯಲ್ಲಿ ಹತ್ತಾರು ಸಹಿಗಳಿವೆ.

ಬೇಲೂರಿನ ನಂತರ ಏನಾಯಿತು? ರಾಜಕೀಯದಲ್ಲಿ, ವಿಷ್ಣುವರ್ಧನನ ಮಾತು ವಿಕ್ರಮಾದಿತ್ಯನಿಗೆ ಸರಿಯಾಗಿಯೇ ಕೇಳಿಸಿತು. 1118ರಲ್ಲಿ ಕಣ್ಣೆಗಾಲದಲ್ಲಿ ಚಾಲುಕ್ಯ ದಂಡಿಗೂ ಹೊಯ್ಸಳ ದಂಡನಾಯಕ ಗಂಗರಾಜನಿಗೂ ಕಾಳಗವಾಗಿ, ಗಂಗರಾಜ ರಾತ್ರಿ ದಾಳಿಯಲ್ಲಿ ಗೆದ್ದ. ಮುಂದೆ ಹೊಯ್ಸಳರು ಬನವಾಸಿ, ಹಾನಗಲ್ಲುಗಳ ಮೇಲೂ ಕಣ್ಣಿಟ್ಟರು. ವಿಷ್ಣುವರ್ಧನ ಕೊನೆಯ ವರ್ಷಗಳಲ್ಲಿ ಬಂಕಾಪುರದಲ್ಲಿ ನೆಲೆಸಿ ಅಲ್ಲಿಯೇ ತೀರಿಕೊಂಡ. ಮೊದಲು ಶಿಲ್ಪಿಗಳನ್ನು ಕರೆಸಿಕೊಂಡ ಅರಸ ಆಮೇಲೆ ಅವರ ನಾಡಿಗೇ ದಂಡೆತ್ತಿ ಬಂದ. ಬಳ್ಳಿಗಾವಿಯ ಕೇದಾರೇಶ್ವರನ ಶಿಖರದ ಮುಂದೆ ಸಿಂಹದೊಡನೆ ಹೋರಾಡುವ ಸಳನ ಶಿಲ್ಪ ನಿಂತಿರುವುದು ಹೊಯ್ಸಳರು ಈ ಊರಿನ ಮೇಲೆ ಹಾಕಿದ ಮುದ್ರೆ.

ಶಿಲ್ಪದಲ್ಲಿ ಪರಿಣಾಮ ಇನ್ನೂ ದೂರ ಹೋಯಿತು. ಬೇಲೂರಿನ ಅಂಗಳದಲ್ಲಿ ಚಾಲುಕ್ಯ ಕೈಗಳು ಕಲಿಸಿದ್ದನ್ನು ಸ್ಥಳೀಯ ಕೈಗಳು ಕಲಿತವು. 1121ರಲ್ಲಿ ಹಳೇಬೀಡಿನ ಹೊಯ್ಸಳೇಶ್ವರ ಶುರುವಾಯಿತು. ಆಮೇಲೆ ಅಮೃತಾಪುರ, ನುಗ್ಗೇಹಳ್ಳಿ, ಹದಿಮೂರನೆಯ ಶತಮಾನದಲ್ಲಿ ಸೋಮನಾಥಪುರ. ಅಷ್ಟು ಹೊತ್ತಿಗೆ ರೂವಾರಿ ಮಲ್ಲಿತಮ್ಮನಂಥವರು ದಶಕಗಟ್ಟಲೆ ದುಡಿದು ತಮ್ಮ ಹೆಸರನ್ನು ಗುಡಿಯಿಂದ ಗುಡಿಗೆ ಬರೆಯುತ್ತಿದ್ದರು. ಸಹಿ ಹಾಕುವ ಅಭ್ಯಾಸವೇ ಹೊಯ್ಸಳ ಶಿಲ್ಪದ ಗುಣವಾಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ವಾಸ್ತುಶಿಲ್ಪದ ಇತಿಹಾಸಕಾರ ಫರ್ಗುಸನ್ ಈ ಗುಡಿಗಳನ್ನೆಲ್ಲ ಸೇರಿಸಿ ಚಾಲುಕ್ಯ ಶೈಲಿ ಎಂದ. ಆಮೇಲೆ ಬಂದವರು ಹೊಯ್ಸಳ ಶೈಲಿಯೇ ಬೇರೆ ಎಂದರು. ಈಚಿನ ಸಂಶೋಧಕರು, ಎಂ. ಎ. ಢಾಕಿ, ಆಡಮ್ ಹಾರ್ಡಿ ಮೊದಲಾದವರು, ಎರಡನ್ನೂ ಕರ್ಣಾಟ ದ್ರಾವಿಡ ಎಂಬ ಒಂದೇ ಪರಂಪರೆಯ ಕವಲುಗಳಾಗಿ ನೋಡುತ್ತಾರೆ. ದಾಸೋಜನ ಪಯಣವನ್ನು ಬಲ್ಲವರಿಗೆ ಈ ಕೊನೆಯ ಮಾತು ಸಹಜವೆನಿಸುತ್ತದೆ. ಶೈಲಿ ಎಂಬುದು ರಾಜವಂಶದ ಸ್ವತ್ತಲ್ಲ, ಹಾದಿ ಹಿಡಿದು ಹೋಗುವ ಜನರ ಕೈಯಲ್ಲಿರುವಂಥದ್ದು.

ಬಳ್ಳಿಗಾವಿ ಮಾತ್ರ ಇಳಿಯುತ್ತ ಹೋಯಿತು. ಚಾಲುಕ್ಯರ ನಂತರ ಕಳಚುರಿ ಬಿಜ್ಜಳ, ಆಮೇಲೆ ಹೊಯ್ಸಳ ವೀರಬಲ್ಲಾಳ, ಸೇವುಣರು. ಒಬ್ಬರಿಂದೊಬ್ಬರ ಕೈಗೆ ದಾಟಿದ ಊರು ಹದಿನಾಲ್ಕನೆಯ ಶತಮಾನದ ದಾಳಿಗಳ ನಂತರ ಮೊದಲಿನ ಸ್ಥಿತಿಗೆ ಮರಳಲಿಲ್ಲ. ಶಿಲ್ಪಿಗಳ ನೆನಪೂ ಹೋಯಿತು. ಆ ಜಾಗದಲ್ಲಿ ಜಕಣಾಚಾರಿಯ ಕಥೆ ಬಂದು ಕೂತಿತು. ಕೈದಾಳದ ಜಕಣ, ಕಲ್ಲಿನೊಳಗಿನ ಕಪ್ಪೆಯನ್ನು ಗುರುತಿಸಿದ ಮಗ ಡಂಕಣ, ಕಪ್ಪೆ ಚೆನ್ನಿಗರಾಯ. ಇದನ್ನು ಕೇಳದೆ ಬೆಳೆದ ಮಕ್ಕಳಿಲ್ಲ. 1964ರಲ್ಲಿ ಬಿ. ಎಸ್. ರಂಗಾ ಅವರು ತೆಗೆದ ‘ಅಮರಶಿಲ್ಪಿ ಜಕಣಾಚಾರಿ’ ಕನ್ನಡದ ಮೊದಲ ಪೂರ್ಣ ವರ್ಣಚಿತ್ರವೂ ಆಯಿತು. ರಾಜ್ಯ ಸರ್ಕಾರ ಜಕಣಾಚಾರಿಯ ಹೆಸರಿನಲ್ಲಿ ಶಿಲ್ಪಿಗಳಿಗೆ ಪ್ರಶಸ್ತಿ ಕೊಡುತ್ತದೆ. ಕಥೆ ಚೆಂದ, ಅದನ್ನು ಕಳೆದುಕೊಳ್ಳಬೇಕಾಗಿಲ್ಲ. ಆದರೆ ಬೇಲೂರಿನ ಬರಹಗಳಲ್ಲಿ ಜಕಣಾಚಾರಿಯ ಹೆಸರಿಲ್ಲ. ಕಥೆಯ ಅಪ್ಪ ಮಗನನ್ನು ನಾವು ಬಲ್ಲೆವು, ಕಲ್ಲಿನ ಮೇಲೆ ಹೆಸರು ಬರೆದ ಅಪ್ಪ ಮಗನನ್ನು ಮರೆತೆವು. 1902ರಲ್ಲಿ ಬಿ. ಎಲ್. ರೈಸ್ ಹಾಸನ, ಶಿವಮೊಗ್ಗ ಜಿಲ್ಲೆಗಳ ಶಾಸನ ಸಂಪುಟಗಳನ್ನು ಹೊರತಂದ ಮೇಲೆ, 1919ರಲ್ಲಿ ಆರ್. ನರಸಿಂಹಾಚಾರ್ ಬೇಲೂರಿನ ಗುಡಿಯ ಬಗ್ಗೆಯೇ ಪುಸ್ತಕ ಬರೆದ ಮೇಲೆ, ದಾಸೋಜ ಚಾವಣರು ಮತ್ತೆ ಬೆಳಕಿಗೆ ಬಂದರು. ಹಾಗೆ ಬಂದರೂ ಅವರು ವಿದ್ವಾಂಸರ ಪುಟಗಳನ್ನು ದಾಟಿ ಜನರ ಬಾಯಿಗೆ ಬರಲಿಲ್ಲ.

ಹೋದವರ ಕಥೆ ಹೇಳುವಾಗ ಬಂದವರನ್ನು ಬಿಡುವಂತಿಲ್ಲ. ದಾಸೋಜ ಹೋದ ಎಷ್ಟೋ ಶತಮಾನಗಳ ನಂತರ ಇದೇ ಸೀಮೆಗೆ ಬೇರೊಂದು ಕುಶಲ ಜನಾಂಗ ಬಂದು ನೆಲೆಸಿತು. ಸೊರಬ, ಸಾಗರಗಳ ಗುಡಿಗಾರರು. ಪೋರ್ಚುಗೀಸರ ಆಳ್ವಿಕೆಯ ಗೋವಾದಿಂದ ತಮ್ಮ ಹಿರಿಯರು ಬಂದರೆಂದು ಅವರ ಹೇಳಿಕೆ, ರೈಸ್ ಅವರ ಮೈಸೂರು ಗೆಜೆಟಿಯರ್ ಕೂಡ ಅವರ ಕೆಲಸವನ್ನು ಮೆಚ್ಚಿ ಬರೆಯುತ್ತದೆ. ಗಂಧದ ಮರದ ಪೆಟ್ಟಿಗೆಗಳ ಮೇಲೆ ಬಳ್ಳಿ ಹೆಣೆದು ನಡುವೆ ದೇವರನ್ನು ಕೂರಿಸುವ ಅವರ ಕುಸುರಿ ಪರದೇಶಗಳಿಗೂ ಹೋಯಿತು. ಮದುವೆಗೆ ಬೆಂಡಿನ ಬಾಸಿಂಗ ಮಾಡುವವರೂ ಅವರೇ. ಬಳ್ಳಿಗಾವಿಯ ರೂವಾರಿಗಳಿಗೂ ಇವರಿಗೂ ರಕ್ತಸಂಬಂಧ ಕಟ್ಟುವುದು ತಪ್ಪು. ಒಂದು ಮಾತು ಮಾತ್ರ ನಿಜ: ಕೆತ್ತುವವರನ್ನು ಕಳಿಸಿಕೊಟ್ಟ ನೆಲ ಕೆತ್ತುವವರನ್ನು ಬರಮಾಡಿಕೊಂಡಿತು ಕೂಡ.

2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಗುಡಿಗಳು ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಆ ಗೌರವದಲ್ಲಿ ಬಳ್ಳಿಗಾವಿಯ ಪಾಲೂ ಇದೆ ಎಂಬುದನ್ನು ಶಿಕಾರಿಪುರ, ಸೊರಬದ ಮಕ್ಕಳು ತಿಳಿಯಬೇಕು. ಪ್ರತಿ ವರ್ಷ ಶಾಲೆಯ ಪ್ರವಾಸದ ಬಸ್ಸುಗಳು ಇಲ್ಲಿಂದ ಬೇಲೂರಿಗೆ ಹೋಗುತ್ತವೆ. ಮೇಷ್ಟ್ರುಗಳಲ್ಲಿ ನನ್ನದೊಂದು ಕೇಳಿಕೆ: ಹೊರಡುವ ಮೊದಲು ಮಕ್ಕಳನ್ನು ಬಳ್ಳಿಗಾವಿಯ ತ್ರಿಪುರಾಂತಕೇಶ್ವರಕ್ಕೂ ಭೇರುಂಡನ ಕಂಬಕ್ಕೂ ಕರೆದೊಯ್ಯಿರಿ. ಬೇಲೂರಿನಲ್ಲಿ ಮದನಿಕೆಯರನ್ನು ತೋರಿಸುವಾಗ ಪೀಠದ ಬರಹಗಳನ್ನೂ ತೋರಿಸಿ, ದಾಸೋಜ ಮತ್ತು ಚಾವಣ ನಮ್ಮ ತಾಲ್ಲೂಕಿನವರೆಂದು ಹೇಳಿ. ಬಳ್ಳಿಗಾವಿಯ ಗುಡಿಯ ಮುಂದೆ ಆ ಎರಡು ಹೆಸರುಗಳನ್ನು ದೊಡ್ಡ ಅಕ್ಷರದಲ್ಲಿ ಬರೆಸುವ ಕೆಲಸವನ್ನು ಊರಿನವರೂ ಪುರಾತತ್ವ ಇಲಾಖೆಯವರೂ ಕೈಗೆತ್ತಿಕೊಳ್ಳಲಿ.